ಪಂಕ್ಚರ್ ಅಂಗಡಿಯಲ್ಲಿ ಆನೆ ರೈಫಲ್ಲು

ಕೂಡ್ಲಿಗಿ ದಾಟಿ ಕೊಟ್ಟೂರಿನ ದಾರಿ ಹಿಡಿದಿದ್ದೆವು, ನಾನು ಮತ್ತು ನನ್ನ ಬೈಕು. ಗಾಳಿ ಹೋಯಿತು. ಪಂಕ್ಚರ್ ಅಂಗಡಿಯ ಮಾಬುಸಾಬರು ಟ್ಯೂಬನ್ನೇನೋ ನೀರಿಗೆ ಅದ್ದಿದರು. ಕಣ್ಣು ಮಾತ್ರ ಗೆಳೆಯ ಕೊಟ್ರಪ್ಪನವರ ಮೊಬೈಲಿನ ಮೇಲೆ. ಅದರಲ್ಲಿ ಆಫ್ರಿಕಾದ ಬೇಟೆಗಾರನೊಬ್ಬ ಆನೆಗೆ ಗುರಿ ಹಿಡಿದಿದ್ದ. ಇವರಿಬ್ಬರೂ ಜನ್ಮದಲ್ಲಿ ಬಂದೂಕು ಮುಟ್ಟಿದವರಲ್ಲ. ಆದರೂ ಗುಂಡಿನ ಅಳತೆಯ ಮೇಲೆ ಜಗಳ ಜೋರಾಗಿತ್ತು.

"ಫೋರ್ ಫಿಫ್ಟಿ ಎಯ್ಟೇ ಬೇಕಲೇ ಮಾಬು. ಮೈಮ್ಯಾಲೆ ಬರೋ ಆನಿ ಅಲ್ಲೇ ಕುಸೀಬೇಕು," ಎಂದರು ಕೊಟ್ರಪ್ಪ.

"ಆ ಬಂದೂಕು ಹಿಂದಕ್ಕ ಒದಿಯೋದಕ್ಕ ನಿನ್ನ ಭುಜಾನೇ ಕಿತ್ತು ಬರ್ತೈತಿ. ಹೆದರಿ ಕಣ್ಣು ಮುಚ್ಚಿ ಹೊಡದ್ರ ಎಷ್ಟು ದಪ್ಪ ಗುಂಡಿದ್ರೇನು? ತ್ರೀ ಸೆವೆಂಟಿ ಫೈವ್ ಸಾಕು, ಗುರಿ ನೆಟ್ಟಗಿರ್ತೈತಿ," ಎಂದರು ಸಾಬರು.

ನನ್ನ ಟ್ಯೂಬು ಬಕೆಟ್ಟಿನಲ್ಲಿ ಗುಳ್ಳೆ ಬಿಡುತ್ತ ಕಾದಿತ್ತು.

ಕೊಟ್ರಪ್ಪ ನನ್ನತ್ತ ತಿರುಗಿದಾಗಲೇ ಕಂಡಿದ್ದು: ಎಡಗಿವಿ ಅರ್ಧ ಇರಲಿಲ್ಲ, ಕೆನ್ನೆಯ ಮೇಲೆ ಉಗುರಿನ ಉದ್ದನೆಯ ಗೆರೆಗಳು. ಕರಡಿಯ ಕೆಲಸವೆಂದು ಸಾಬರು ಹೇಳಿದರು. ಈ ಸೀಮೆಯ ಗುಡ್ಡಗಳ ತುಂಬ ಕರಡಿಗಳೇ.

"ಹಾಗಾದರೆ ಕರಡಿಗೆ ಯಾವ ರೈಫಲ್ಲು?" ಎಂದೆ.

ಇಬ್ಬರೂ ನನ್ನನ್ನು ದುರುಗುಟ್ಟಿ ನೋಡಿದರು. ನಾನು ಅವರ ಮನೆಯವರ ಬಗ್ಗೆ ಏನೋ ಕೆಟ್ಟದ್ದು ಅಂದಂತಾಗಿತ್ತು.

"ಕರಡಿಗ್ಯಾಕ್ರಿ ಗುಂಡು?" ಎಂದರು ಕೊಟ್ರಪ್ಪ. "ಗುಡ್ಡದ ಮ್ಯಾಲಿನ ಸೀತಾಫಲ ಅದಕ್ಕಂತ ಬಿಡ್ತೀವಿ ನಾವು. ಅವತ್ತು ಆಸಿಬಿದ್ದು ಅದರ ಗಿಡಕ್ಕ ಕೈ ಹಾಕಿದಾವ ನಾನು."

ಅರ್ಧ ಕಿವಿ ಸವರಿಕೊಂಡು ಮತ್ತೆ ಮೊಬೈಲಿನತ್ತ ಬಾಗಿದರು.

"ಆನಿಗೆ ಮಾತ್ರ ಫೋರ್ ಫಿಫ್ಟಿ ಎಯ್ಟೇ, ಮಾಬು."