ಇದ್ದಿಲಿನ ಕಾಲದ ಟೈಮಿಂಗು

ಅದು 1948ನೆಯ ಇಸವಿ. ನನಗಾಗ ಮೂವತ್ತೆರಡು ವರ್ಷ. ಸಿರುಗುಪ್ಪದ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ನಮ್ಮವ್ವನ ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಿನ ಪೊರೆಯನ್ನು ತೆಗೆಯಲು ಬಳ್ಳಾರಿಯ ಡಾಕ್ಟರೊಬ್ಬರು ಒಪ್ಪಿದ್ದರು. ಮಧ್ಯಾಹ್ನದೊಳಗೆ ಆಸ್ಪತ್ರೆ ಮುಟ್ಟಬೇಕೆಂಬುದೊಂದೇ ಅವರ ಷರತ್ತು. ಎರಡು ಸಲ ಹೊರಟೆವು. ಎರಡು ಸಲವೂ ಹೊತ್ತು ಮೀರಿತು. ಕಾರಣ, ನಮ್ಮಣ್ಣನ ಕಾರು.

ಯುದ್ಧಕಾಲದಲ್ಲಿ ಪೆಟ್ರೋಲು ಸಿಗದಿದ್ದಾಗ ಅಣ್ಣ ಆ ಕಾರಿನ ಹಿಂದೆ ಇದ್ದಿಲಿನ ಒಲೆ ಕಟ್ಟಿಸಿ, ಅದರ ಅನಿಲದಿಂದಲೇ ಓಡಿಸಿದ್ದ. ಇದ್ದಿಲಿನ ಅನಿಲ ನಿಧಾನವಾಗಿ ಉರಿಯುವಂಥದು. ಆದಕಾರಣ ಎಂಜಿನ್ನಿನೊಳಗೆ ಕಿಡಿ ಕೊಂಚ ಮುಂಚಿತವಾಗಿ ಹಾರಬೇಕು. ಆ ಟೈಮಿಂಗನ್ನು ಅಣ್ಣ ತಾನೇ ಕೂಡಿಸಿದ್ದ, ಊರು ಹೊಗಳಿತ್ತು. ಯುದ್ಧ ಮುಗಿದು ಒಲೆ ಹೋಯಿತು, ಪೆಟ್ರೋಲು ಬಂತು. ಟೈಮಿಂಗು ಮಾತ್ರ ಇದ್ದಿಲಿನದೇ ಉಳಿಯಿತು. ಪೆಟ್ರೋಲು ಹೊತ್ತಿಗೆ ಮುಂಚೆಯೇ ಹೊತ್ತಿಕೊಂಡು ಎಂಜಿನ್ನು ಕಟಕಟ ಬಡಿದುಕೊಳ್ಳುತ್ತಿತ್ತು. ನಡುದಾರಿಯ ಕುರುಗೋಡು ಬರುವಷ್ಟರಲ್ಲಿ ರೇಡಿಯೇಟರು ಕುದಿಯುತ್ತಿತ್ತು. ಮೆಕ್ಯಾನಿಕ್ಕಿಗೆ ತೋರಿಸೋಣವೆಂದರೆ, "ನಾ ಕೂಡಿಸಿದ್ದಕ್ಕ ಯಾವನೂ ಕೈ ಹಚ್ಚಂಗಿಲ್ಲ" ಎನ್ನುವನು. ಹೆತ್ತವಳ ಕಣ್ಣಿಗಿಂತ ಮೇಲಾಗಿದ್ದ ಆ ಜಂಬವನ್ನು ನೆನೆದರೆ ನನಗೆ ಇಂದಿಗೂ ಹೇಸಿಕೆ.

ಮೂರನೆಯ ಸಲವೂ ಕಾರು ಕುರುಗೋಡಿನಲ್ಲೇ ನಿಂತಿತು. ತುಕ್ಕು ಬೆರೆತ ಕೆಂಪು ನೀರು ಉಕ್ಕಿ ರಸ್ತೆಗೆ ಹರಿಯಿತು. ಸುಟ್ಟ ರಬ್ಬರಿನ ನಾತ ಅಡರಿತು. ಅವ್ವನನ್ನು ಇಳಿಸಿ ಬೇವಿನ ಮರದಡಿ ಕೂರಿಸಿದೆ. ಎಂಜಿನ್ನು ತುಸು ಆರಿದ ಮೇಲೆ ಅಣ್ಣ ಬಂದು ಅವಳ ಮುಂದೆ ಕೈ ಚಾಚಿದ.

"ಯವ್ವಾ, ಕುಡಿಯೋ ನೀರಿನ ತಂಬಿಗಿ ಕೊಡು."

"ನನಗ ನೀರಡಿಕಿ ಆಗೇತಲೋ."

"ಎಂಜಿನ್ನಿಗೂ ಆಗೇತಿ."

"ಹಂಗಾರ ಅದನ್ನ ದವಾಖಾನಿಗಿ ಕರಕೊಂಡು ಹೋಗು. ನಾ ಬಸ್ಸಿಗಿ ಹೋಗ್ತೀನಿ."

"ಮನ್ಯಾಗ ಕಾರು ಇಟಕೊಂಡು ಬಸ್ಸಿಗಿ ಹೋದ್ರ ಮಂದಿ ಏನಂದಾರು?"

"ಕಣ್ಣು ಬರ್ಲಿ. ಮಂದಿ ಮಾರಿ ನೋಡಿ ಹೇಳ್ತೀನಿ."

ಅವ್ವ ಆ ನೀರನ್ನು ನಿಧಾನವಾಗಿ, ಪೂರ್ತಿಯಾಗಿ, ತಾನೇ ಕುಡಿದಳು. ಬಸ್ಸು ಬಂದಾಗ ಕೈ ಹಿಡಿದು ಹತ್ತಿಸಿದೆ. ಅಣ್ಣ ಬಾನೆಟ್ಟಿನೊಳಗೆ ತಲೆ ಹಾಕಿ ನಿಂತಿದ್ದ, ಇತ್ತ ತಿರುಗಲಿಲ್ಲ. ಬಳ್ಳಾರಿ ಕಂಟೋನ್ಮೆಂಟಿನ ಆಸ್ಪತ್ರೆಯನ್ನು ಮಧ್ಯಾಹ್ನಕ್ಕೆ ಮೊದಲೇ ಮುಟ್ಟಿದೆವು. ಅವ್ವನ ಬಲಗಣ್ಣಿನ ಪೊರೆಯನ್ನು ತೆಗೆದದ್ದು ಅಂದೇ, 1948ನೆಯ ಇಸವಿ ನವೆಂಬರ್ 18ರಂದು.