ಆರ್ಡಿತ್ ಕಾದಿಟ್ಟ ಪ್ರಶ್ನೆ

ಆರ್ಡಿತ್ ಹೋಸ್ಟೆಟ್ಲರ್ ಮರೆಯುವ ಹೆಂಗಸಲ್ಲ. ಶಾಲೆಯಲ್ಲಿ ತನ್ನ ಜಡೆಗೆ ಅಂಟು ಮೆತ್ತಿದ್ದ ಹುಡುಗ ಮುದುಕನಾಗಿ ಸತ್ತಾಗ, ಒಳ್ಳೆಯ ಉಣ್ಣೆಯ ಕೋಟು ಹಾಕಿಕೊಂಡು ಹೋಗಿ, ಶವಪೆಟ್ಟಿಗೆಯ ಮುಂದೆ ನಿಂತು, "ಸರಿಯಾಯ್ತು" ಅಂದು ಬಂದವಳು. ಪಕ್ಕದಲ್ಲಿ ನಾನೇ ಇದ್ದೆ. ಸತ್ತವನ ಹೆಂಡತಿ ಅದನ್ನು ಸಮಾಧಾನದ ಮಾತು ಅಂದುಕೊಂಡು ಅವಳ ಕೈ ಹಿಡಿದುಕೊಂಡಳು.

ನಾನು, ಅಂದರೆ ಫೇ, ಮತ್ತು ಆರ್ಡಿತ್ ಇಬ್ಬರೂ ಬ್ರಾಂಟ್‌ವೆಲ್‌ನ ಕಾರ್ಖಾನೆಯ ಪಾಲಿಶ್ ಕೋಣೆಯಲ್ಲಿ ಒಂದೇ ಬೆಂಚಿನಲ್ಲಿ ಆಯುಷ್ಯ ಕಳೆದವರು. ಕಂಪನಿಯ ದೊಡ್ಡವರು ನ್ಯೂಜೆರ್ಸಿಯಲ್ಲಿದ್ದರು, ಕಾರ್ಖಾನೆ ನಮ್ಮ ಒಹಾಯೊದ ಜೋಳದ ಹೊಲಗಳ ನಡುವೆ ಇತ್ತು. ಅಲ್ಲಿ ತಯಾರಾಗುತ್ತಿದ್ದದ್ದು ಸೊಂಟದ ಕೀಲು. ಸವೆದ ಕೀಲನ್ನು ಡಾಕ್ಟರು ತೆಗೆದು, ನಾವು ಮಾಡಿದ ಲೋಹದ ಗುಂಡನ್ನೂ ಅದು ಕೂರುವ ಬಟ್ಟಲನ್ನೂ ಇಡುತ್ತಾರೆ. ಆ ಗುಂಡಿನಲ್ಲಿ ಮುಖ ಕಾಣುವ ತನಕ ಉಜ್ಜುವುದು ನಮ್ಮ ಕೆಲಸ. ಆರ್ಡಿತ್ ಉಜ್ಜಿದ್ದರಲ್ಲಿ ಮುಖದ ಮೇಲಿನ ಮಚ್ಚೆಯೂ ಕಾಣುತ್ತಿತ್ತು. ಗುರುವಾರ ಸಂಜೆ ಬೌಲಿಂಗ್, ಭಾರದ ಚೆಂಡು ಉರುಳಿಸಿ ಮರದ ಗೂಟಗಳನ್ನು ಬೀಳಿಸುವ ಆಟ. ಅಲ್ಲಿಯೂ ಅವಳೇ ಮುಂದು. ಅವಳು ಚೆಂಡು ಬಿಟ್ಟರೆ ಪಕ್ಕದ ಸಾಲಿನವರು ತಮ್ಮ ಆಟ ನಿಲ್ಲಿಸಿ ನೋಡುತ್ತಿದ್ದರು.

ನಿಂತು ನಿಂತು ಅವಳ ಸ್ವಂತ ಸೊಂಟವೇ ಸವೆಯಿತು. ಆಪರೇಷನ್‌ಗೆ ರಜೆ ಕೇಳಲು ಹೋದ ದಿನ ರೋಲಂಡ್ ಟ್ವೀಡಿ ಅವಳ ಬೆಂಚಿನ ತನಕ ನಡೆದು ಬಂದ. ತಯಾರಾದ ಮಾಲು ಸರಿಯಿದೆಯೇ ಎಂದು ಪರೀಕ್ಷಿಸುವ ವಿಭಾಗದ ಮುಖ್ಯಸ್ಥ ಅವನು. ಚರ್ಚಿನಲ್ಲಿ ನಮ್ಮ ಮುಂದಿನ ಸಾಲಿನಲ್ಲೇ ಕೂರುವವನು.

"ಅಕ್ಕನಿಗೆ ಹಾಕಿದ್ರಲ್ಲ, ಪ್ಲಾಸ್ಟಿಕ್ ಬಟ್ಟಲಿಂದು, ಅದನ್ನೇ ಹಾಕಿಸ್ಕೊಳ್ತೀನಿ" ಅಂದಳು ಆರ್ಡಿತ್.

"ಹಳೇದ್ಯಾಕೆ? ನಮ್ಮ ಹೊಸದಿದೆಯಲ್ಲ, ಲೋಹದ ಬಟ್ಟಲಲ್ಲಿ ಲೋಹದ ಗುಂಡು. ನೀನು ಸಾಯೋವರೆಗೂ ಸವೆಯಲ್ಲ. ನೀನೇ ಉಜ್ಜಿದ್ದು ನಿನ್ನ ಮೈಯಲ್ಲಿ ಇರ್ಬೇಕಮ್ಮ, ಅದಕ್ಕಿಂತ ಹೆಮ್ಮೆ ಏನಿದೆ?"

ಆರ್ಡಿತ್ ಉಬ್ಬಿಹೋದಳು. ಸುಳ್ಳೇಕೆ, ನಾವೆಲ್ಲ ಉಬ್ಬಿದೆವು. ಊಟದ ಕೋಣೆಯಲ್ಲಿ ಕೇಕ್ ಕತ್ತರಿಸಿದೆವು. ತಾನು ಮಾಡಿದ ಮಾಲನ್ನು ತಾನೇ ನಂಬದಿದ್ದರೆ ಇನ್ನಾರು ನಂಬುತ್ತಾರೆ ಎನ್ನುವ ಜನ ನಾವು.

ಎರಡು ವರ್ಷ ಕಳೆಯುವಷ್ಟರಲ್ಲಿ ಅವಳು ನಡೆದರೆ ಒಳಗಿಂದ ಕಿರ್ರೆನ್ನುವ ಸದ್ದು ನನಗೂ ಕೇಳಿಸುತ್ತಿತ್ತು. ಲೋಹಕ್ಕೆ ಲೋಹ ತಿಕ್ಕಿ, ಕಣ್ಣಿಗೆ ಕಾಣದ ಪುಡಿ ಉದುರಿ, ಸುತ್ತಲಿನ ಮಾಂಸ ಕೊಳೆತಿತ್ತು. ಡಾಕ್ಟರು ಬಿಚ್ಚಿ ನೋಡಿದಾಗ ಒಳಗೆಲ್ಲ ಕಪ್ಪು. ಕೀಲು ತೆಗೆದು ಬೇರೆ ಹಾಕಿದರು, ಆದರೆ ಅದನ್ನು ಹಿಡಿದುಕೊಳ್ಳಲು ಮಾಂಸಖಂಡವೇ ಉಳಿದಿರಲಿಲ್ಲ. ಅಲ್ಲಿಂದಾಚೆಗೆ ವಾಕರ್ ಹಿಡಿದೇ ನಡಿಗೆ. ಗುರುವಾರ ಬೌಲಿಂಗ್‌ಗೆ ಬರುವುದನ್ನು ಮಾತ್ರ ಬಿಡಲಿಲ್ಲ. ನಮ್ಮ ಕೋಟುಗಳನ್ನು ಮಡಿಲಲ್ಲಿ ಇಟ್ಟುಕೊಂಡು ಬೆಂಚಿನ ಮೇಲೆ ಕೂರುತ್ತಿದ್ದಳು. ಊರಿನವರು ಅವಳ ನಡಿಗೆ ನೋಡಿ, ನೋಡದವರಂತೆ ಮುಖ ತಿರುಗಿಸುತ್ತಿದ್ದರು. ಅದನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಮೊದಮೊದಲು ಅವಳಿಗೆ ಸಿಟ್ಟಿದ್ದದ್ದು ನ್ಯೂಜೆರ್ಸಿಯವರ ಮೇಲೆ. ರೋಲಂಡನೂ ಪಾಪ ಮೋಸ ಹೋದ ಅಂದುಕೊಂಡಿದ್ದಳು. ಆ ನಂಬಿಕೆ ಮುರಿದದ್ದು ಚರ್ಚಿನ ಅಡುಗೆಮನೆಯಲ್ಲಿ. ಶುಕ್ರವಾರದ ಮೀನೂಟಕ್ಕೆ ಆಲೂಗಡ್ಡೆ ಸುಲಿಯುತ್ತ ಪಕ್ಕದಲ್ಲಿ ಕೂತವಳು ರೋಲಂಡನ ಹೆಂಡತಿ ಲೋಯಿಸ್. ಬೆಣ್ಣೆಯಂಥ ಹೆಂಗಸು, ಯಾರಿಗೂ ಕೆಡುಕು ಬಯಸಿದವಳಲ್ಲ. ಆರ್ಡಿತ್ ಆಪರೇಷನ್ ಮಾಡಿಸಿಕೊಂಡ ವರ್ಷವೇ ಅವಳೂ ಸೊಂಟದ ಕೀಲು ಬದಲಿಸಿಕೊಂಡಿದ್ದಳು.

"ನಂದು ಒಂದು ದಿನವೂ ನೋಯ್ಲಿಲ್ಲ ಕಣೇ" ಅಂದಳಂತೆ ಲೋಯಿಸ್. "ನಾನೂ ನಿನ್ನ ಹಾಗೇ ಹೊಸದು ಹಾಕಿಸ್ಕೊಳ್ತೀನಿ ಅಂದೆ. ರೋಲಂಡ್ ಬಿಡಲೇ ಇಲ್ಲ. ಪ್ಲಾಸ್ಟಿಕ್‌ದೇ ಆಗ್ಬೇಕು ಅಂತ ಡಾಕ್ಟರ ಹತ್ರ ಜಗಳಾನೇ ಆಡ್ಬಿಟ್ಟ. ಹಳೇ ಕಾಲದ ಮನುಷ್ಯ ನೋಡು."

ಆರ್ಡಿತ್ ಆ ಆಲೂಗಡ್ಡೆ ಮುಗಿಸಿ ಇನ್ನೊಂದನ್ನು ತೆಗೆದುಕೊಂಡಳು. ಈ ಮಾತನ್ನು ಯಾರಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಮಾರನೆಯ ವಾರ ಕೊಲಂಬಸ್‌ನಿಂದ ಕೀರ್ನನ್ ಎಂಬ ವಕೀಲನನ್ನು ಕರೆಸಿ ಕಂಪನಿಯ ಮೇಲೆ ಕೇಸು ಹಾಕಿದಳು.

ಕೇಸು ನಮಗೆ ಹತ್ತಿರದ ಟೊಲಿಡೊ ಕೋರ್ಟಿನಲ್ಲಿ ಒಂದು ಚಳಿಗಾಲವೂ ಕಳೆಯಲಿಲ್ಲ, ಏಳುನೂರು ಮೈಲಿ ಆಚೆಯ ಮಿನಿಯಾಪೊಲಿಸ್‌ಗೆ ಹೋಯಿತು. ಆರ್ಡಿತ್ ಕೆಂಡವಾದಳು. ಕೀರ್ನನ್ ಅವಳ ಅಡುಗೆಮನೆಗೆ ಬಂದು ಕೂತ. ಕಾಫಿ ಸುರಿದವಳು ನಾನೇ.

"ದೇಶದ ತುಂಬ ಸಾವಿರಾರು ಜನ ಇದೇ ಕೀಲಿನ ಮೇಲೆ ಕೇಸು ಹಾಕಿದ್ದಾರೆ ಮೇಡಂ" ಅಂದ. "ಒಂದೊಂದು ಕೋರ್ಟೂ ಅದೇ ಸಾಕ್ಷೀನ, ಅದೇ ಕಾಗದಾನ ಮತ್ತೆ ಮತ್ತೆ ಕೇಳ್ತಾ ಕೂತ್ರೆ ಯಾವ ಕಾಲಕ್ಕೆ ಮುಗಿಯುತ್ತೆ? ಅದಕ್ಕೇ ಎಲ್ಲಾನೂ ಒಬ್ಬ ಜಡ್ಜ್ ಕೈಗೆ ಕೊಡ್ತಾರೆ. ಅವರು ನಾಲ್ಕಾರು ಕೇಸು ಆರಿಸಿ ಮೊದಲು ನಡೆಸ್ತಾರೆ. ಅದ್ರಲ್ಲಿ ಏನಾಗುತ್ತೆ ನೋಡ್ಕೊಂಡು ಮಿಕ್ಕವರಿಗೆಲ್ಲ ಒಟ್ಟಿಗೆ ರಾಜಿ."

"ಅಂದ್ರೆ ನಾಲ್ಕು ಹಸು ನೋಡಿ ಇಡೀ ಮಂದೆಗೆ ಬೆಲೆ ಕಟ್ತಾರೆ."

"ಹೆಚ್ಚುಕಮ್ಮಿ ಹಾಗೇ. ಖುಷಿ ವಿಷಯ ಅಂದ್ರೆ, ಮೊದಲ್ನೇದಾಗಿ ನಿಮ್ಮದನ್ನೇ ಆರಿಸಿದ್ದಾರೆ. ಅಲ್ಲೇ ವಿಚಾರಣೆ ನಡೆಸೋಕೆ ಒಪ್ಪಿಗೆ ಅಂತ ನೀವೊಂದು ಸಹಿ ಹಾಕ್ಬೇಕು."

"ಹಾಕ್ದೇ ಹೋದ್ರೆ?"

"ಅಲ್ಲಿ ಎಲ್ಲಾ ಮುಗಿದ ಮೇಲೆ ನಿಮ್ಮ ಕೇಸು ವಾಪಸು ಟೊಲಿಡೊಗೆ ಬರುತ್ತೆ. ವರ್ಷಗಟ್ಟಲೆ ಕಾಯ್ಬೇಕು."

ಆರ್ಡಿತ್ ಕಪ್ಪು ಕೆಳಗಿಟ್ಟಳು. "ರೋಲಂಡ್ ಟ್ವೀಡಿ ಮಿನಿಯಾಪೊಲಿಸ್‌ಗೆ ಬರ್ತಾನಾ?"

"ಮನೆಯಿಂದ ನೂರು ಮೈಲಿ ದಾಟಿ ಬಾ ಅಂತ ಸಾಕ್ಷೀನ ಬಲವಂತ ಮಾಡೋ ಹಾಗಿಲ್ಲ. ವಿಡಿಯೋದಲ್ಲಿ ಹೇಳಿಕೆ ತಗೊಂಡು ಜ್ಯೂರಿಗೆ ತೋರಿಸ್ತೀವಿ."

"ಟೊಲಿಡೊಗೆ?"

"ಅದು ಇಲ್ಲೇ ಅಲ್ವಾ. ಬರ್ಲೇಬೇಕು."

"ಹಾಗಾದ್ರೆ ಆ ಕಾಗದ ಮಡಚಿ ಜೇಬಲ್ಲಿ ಇಟ್ಕೊಳ್ಳಪ್ಪ."

ಕೀರ್ನನ್ ಗೋಗರೆದ. ತೀರ್ಪು ಕೊಡುವ ಜ್ಯೂರಿಯಲ್ಲಿ ಇಲ್ಲಿಯ ಜನರೇ ಕೂರುತ್ತಾರೆ, ಅವರಲ್ಲಿ ಯಾರದಾದರೂ ತಮ್ಮನೋ ಮಗಳೋ ಕಾರ್ಖಾನೆಯಲ್ಲಿ ಇದ್ದೇ ಇರುತ್ತಾರೆ, ಕಂಪನಿಗೆ ಏಟು ಬೀಳಲು ಬಿಡುವುದಿಲ್ಲ, ಅಲ್ಲಾದರೆ ಗೆಲ್ಲುತ್ತೀರಿ, ಇಲ್ಲಿ ಸೋಲುತ್ತೀರಿ ಅಂದ. "ಸೋಲ್ತೀನಿ ಬಿಡು. ಅವನು ಖುದ್ದಾಗಿ ಬಂದು ನಮ್ಮೂರವರ ಮುಂದೆ ಕೂರ್ಬೇಕು" ಅಂದಳು. ಅದೊಂದೇ ಅವಳಿಗೆ ಬೇಕಿದ್ದದ್ದು. ಅವಳಿಗೆ ತಲೆ ಕೆಟ್ಟಿದೆ ಎಂದು ನಾನೂ ಅಂದುಕೊಂಡೆ.

ಅವಳು ಬಿಟ್ಟ ಜಾಗಕ್ಕೆ ನೆಬ್ರಾಸ್ಕದ ಒಬ್ಬ ಬಸ್ ಡ್ರೈವರನ ಕೇಸು ಬಂತು. ಜ್ಯೂರಿಗೆ ರೋಲಂಡನ ವಿಡಿಯೋ ಹಾಕಿದರು. ನೀಲಿ ಟೈ, ತಣ್ಣನೆಯ ದನಿ. "ಈ ಕೀಲಿನ ಮೇಲೆ ನನಗೆ ಎಷ್ಟು ನಂಬಿಕೆಯೆಂದರೆ, ನನ್ನ ಮನೆಯವರಿಗೂ ಇದನ್ನೇ ಹಾಕಿಸಲು ಹಿಂಜರಿಯುವುದಿಲ್ಲ" ಎಂದಿದ್ದ. ಕಂಪನಿಯ ವಕೀಲರು ಆ ಒಂದು ವಾಕ್ಯವನ್ನು ಮೊದಲೂ ಹಾಕಿದರು, ಕೊನೆಗೂ ಹಾಕಿದರು. ಬಸ್ ಡ್ರೈವರ್ ಸೋತ. ಸುದ್ದಿ ಓದಿ ಆರ್ಡಿತ್ ನಕ್ಕದ್ದು ನನಗೆ ನೆನಪಿದೆ. ಯಾಕೆ ನಕ್ಕಳೆಂದು ಆಗ ತಿಳಿಯಲಿಲ್ಲ.

ಆ ಸೋಲಿನ ಮೇಲೆ ಉಳಿದವರ ಬೆಲೆ ನೆಲಕ್ಕಿಳಿಯಿತು. ಕಂಪನಿ ಒಂದು ರಾಜಿ ಮುಂದಿಟ್ಟಿತು. ಎಷ್ಟು ಆಪರೇಷನ್ ಆಗಿದೆ ನೋಡಿ ಅಂಕ, ವಯಸ್ಸು ಹೆಚ್ಚಿದ್ದರೆ ಅಂಕ ಕಡಿತ, ಮೈ ತೂಕ ಹೆಚ್ಚಿದ್ದರೆ ಇನ್ನೂ ಕಡಿತ, ಅಂಕದ ಪ್ರಕಾರ ದುಡ್ಡು. "ಸಂತೇಲಿ ಕುಂಬಳಕಾಯಿಗೆ ನಂಬರ್ ಹಾಕೋ ಹಾಗೆ ನನ್ನ ಕಾಲಿಗೆ ಹಾಕ್ತಾರಂತೆ" ಅಂದಳು ಆರ್ಡಿತ್. ನಮ್ಮ ಊರಿನವರೂ ಸೇರಿ ದೇಶದ ಜನವೆಲ್ಲ ಬೈದುಕೊಂಡೇ ಸಹಿ ಹಾಕಿದರು. ಸೋತ ಮೇಲೆ ಇನ್ನೇನು ಮಾಡಿಯಾರು. ಅವಳು ಹಾಕಲಿಲ್ಲ. ರೋಲಂಡ್ ನಿವೃತ್ತನಾದ, ಕಾರ್ಖಾನೆಗೆ ಹೊಸ ಬಣ್ಣ ಬಂತು, ನನ್ನ ಗಂಡ ತೀರಿಕೊಂಡ. ಕೊನೆಗೊಮ್ಮೆ ಮಿನಿಯಾಪೊಲಿಸ್‌ನ ಜಡ್ಜ್ ಅವಳ ಕೇಸನ್ನು ಟೊಲಿಡೊಗೆ ವಾಪಸು ಕಳಿಸಿದರು, ರೋಲಂಡನಿಗೆ ಸಮನ್ಸ್ ಹೋಯಿತು.

ಅವನು ಸಾಕ್ಷಿ ಹೇಳಬೇಕಾಗಿದ್ದ ಬುಧವಾರ ಅವಳನ್ನು ಕೋರ್ಟಿಗೆ ಕರೆದೊಯ್ದವಳು ನಾನು. ದಾರಿಯಲ್ಲಿ, ಕಿಟಕಿಯಾಚೆ ನೋಡುತ್ತ, ಅವಳು ಆಲೂಗಡ್ಡೆಯ ದಿನದ ಮಾತನ್ನು ಹೇಳಿದಳು. ವಕೀಲನಿಗೂ ಹಿಂದಿನ ವಾರವಷ್ಟೇ ಹೇಳಿದ್ದಳಂತೆ. ಅವನು ತಲೆ ಮೇಲೆ ಕೈ ಹೊತ್ತು ಕೂತನಂತೆ.

ನಾನು ಕಾರನ್ನು ರಸ್ತೆ ಪಕ್ಕಕ್ಕೆ ಹಾಕಿ ನಿಲ್ಲಿಸಿದೆ.

"ಆರು ವರ್ಷದಿಂದ ಗೊತ್ತಿತ್ತಾ ನಿಂಗೆ? ಆ ನೆಬ್ರಾಸ್ಕದವನು ಸೋತಿದ್ದೇ ಆ ಒಂದು ಮಾತಿಗೆ. ನೀನು ಬಾಯಿ ಬಿಟ್ಟಿದ್ರೆ ಅವನು ಗೆಲ್ತಿದ್ದ. ಎಲ್ರೂ ಗೆಲ್ತಿದ್ರು."

"ಗೆಲ್ತಿದ್ರು."

"ನಮ್ಮ ಬೆಂಚಿನ ವರ್ನಾ ಕೂಡ ಆ ಪುಡಿಗಾಸಿನ ರಾಜಿಗೆ ಸಹಿ ಹಾಕಿದ್ಳಲ್ಲೇ."

"ಫೇ, ಅಲ್ಲಿ ಬಾಯಿ ಬಿಟ್ಟಿದ್ರೆ ಏನಾಗ್ತಿತ್ತು ಹೇಳು. ವಕೀಲರು ವಕೀಲರು ಕೂತು ಹರಟೆ ಹೊಡೆದು, ಒಂದು ಚೆಕ್ ಬರೆದು, ಯಾರೂ ಉಸಿರೆತ್ತಬಾರ್ದು ಅಂತ ಸಹಿ ಹಾಕಿಸ್ಕೊಳ್ತಿದ್ರು. ರೋಲಂಡ್ ಭಾನುವಾರ ಬಂದು ಮುಂದಿನ ಸಾಲಲ್ಲಿ ಕೂತು ಹಾಡ್ತಿದ್ದ. ಅವರ ಸೇಡು ಅವರು ನೋಡ್ಕೊಳ್ಳಿ. ಇದು ನಂದು."

ನನಗೆ ಅವಳನ್ನು ಅಲ್ಲೇ ಇಳಿಸಿ ಹೋಗಬೇಕೆನಿಸಿತು. ಇಳಿಸಲಿಲ್ಲ. ರೋಲಂಡನ ಮುಖ ನೋಡುವ ಆಸೆ ನನಗೂ ಇತ್ತು, ಇಲ್ಲವೆಂದರೆ ಸುಳ್ಳಾದೀತು.

ಕೋರ್ಟಿನ ಮೊಗಸಾಲೆಯಲ್ಲಿ ಕಂಪನಿಯ ವಕೀಲ ಕಾಯುತ್ತಿದ್ದ. ರಾಜಿಗೆ ಒಪ್ಪಿದರೆ ಇಷ್ಟು ಎಂದು ಒಂದು ಚೀಟಿ ಮುಂದೆ ಹಿಡಿದ. ನಾನು ಇಣುಕಿ ಸೊನ್ನೆಗಳನ್ನು ಎರಡು ಸಲ ಎಣಿಸಿದೆ. ಆರ್ಡಿತ್ ಅದನ್ನು ನೋಡಲೂ ಇಲ್ಲ. "ಇದನ್ನೆಲ್ಲ ಗುರುವಾರ ಮಾತಾಡೋಣ" ಅಂದು ವಾಕರ್ ತಳ್ಳಿಕೊಂಡು ಒಳಗೆ ಹೋದಳು.

ಊರೇ ಬಂದಿತ್ತು. ಪಾಲಿಶ್ ಕೋಣೆಯವರು, ಚರ್ಚಿನವರು, ಬೌಲಿಂಗ್‌ನವರು. ಎರಡನೆಯ ಸಾಲಿನಲ್ಲಿ ಲೋಯಿಸ್, ಗಂಡನಿಗೆ ಧೈರ್ಯ ಹೇಳಲೆಂದು ನೀಲಿ ಹ್ಯಾಟು ಹಾಕಿಕೊಂಡು ಬಂದಿದ್ದಳು. ಕೀರ್ನನ್ ಮೊದಲು ಆ ವಿಡಿಯೋದ ಮಾತನ್ನೇ ಎತ್ತಿದ. ಈಗಲೂ ಹಾಗೆಯೇ ಹೇಳುತ್ತೀರಾ ಎಂದ. ರೋಲಂಡ್ ಹೌದೆಂದ.

"ನಿಮ್ಮ ಮನೆಯಲ್ಲಿ ಯಾರಿಗಾದ್ರೂ ಸೊಂಟದ ಕೀಲು ಬದಲಿಸಿದ್ದಾರಾ?"

ಕಂಪನಿಯ ವಕೀಲ ತಟ್ಟನೆ ಎದ್ದು ಆಕ್ಷೇಪಿಸಿದ. ಮನೆಯ ಮಾತು ತೆಗೆದವರು ಸಾಕ್ಷಿಯೇ, ಉತ್ತರ ಹೇಳಲಿ ಎಂದರು ಜಡ್ಜ್.

"ನನ್ನ ಹೆಂಡತಿಗೆ" ಅಂದ ರೋಲಂಡ್.

"ಯಾವುದು ಹಾಕಿಸಿದ್ರಿ?"

ಅವನು ನೀರು ಕುಡಿದ. ಆರ್ಡಿತ್ ಅವನ ಕಣ್ಣಿನಿಂದ ಕಣ್ಣು ತೆಗೆಯಲಿಲ್ಲ.

"ಪ್ಲಾಸ್ಟಿಕ್ ಬಟ್ಟಲಿಂದು."

"ಮಿಸೆಸ್ ಹೋಸ್ಟೆಟ್ಲರ್‌ಗೆ ಹೊಸದು ಹಾಕಿಸ್ಕೊ ಅಂತ ಹೇಳಿದ್ದು ಅದಕ್ಕಿಂತ ಮುಂಚೆಯೋ ಆಮೇಲೋ?"

"ಮುಂಚೆ. ಎರಡು ತಿಂಗಳು."

"ಹೆಂಡತಿಗೆ ಹೊಸದು ಯಾಕೆ ಬೇಡ ಅಂದ್ರಿ?"

ರೋಲಂಡ್ ಸಾಕ್ಷಿಕಟ್ಟೆಯ ಮರವನ್ನು ನೋಡುತ್ತ, ಮೆಲ್ಲಗೆ, "ಮೊದಲಿಂದ್ಲೂ ಪರೀಕ್ಷೆಯಲ್ಲಿ ಪುಡಿ ಉದುರ್ತಿತ್ತು. ನಂಗೆ ಭಯ ಆಯ್ತು" ಅಂದ.

ಲೋಯಿಸ್ ಎದ್ದಳು. ಸಾಲಿನವರು ಮೊಣಕಾಲು ಒತ್ತರಿಸಿ ದಾರಿ ಬಿಟ್ಟರು. ಅವಳು ನಡುದಾರಿಯಲ್ಲಿ ಬಾಗಿಲ ತನಕ ನಡೆದು ಹೋದಳು, ಒಂಚೂರೂ ಕುಂಟದೆ, ನೆಟ್ಟಗೆ, ಬೂಟಿನ ಸದ್ದು ಒಂದೇ ಸಮನೆ. ಜ್ಯೂರಿಯವರೂ ನಮ್ಮ ಊರಿನವರೂ ಎಲ್ಲರೂ ನೋಡಿದ್ದು ಅವಳ ಸೊಂಟವನ್ನೇ. ರೋಲಂಡ್ ಮುಖ ಮುಚ್ಚಿಕೊಂಡ. ನನ್ನೊಳಗೆ ಏನೋ ತಣ್ಣಗಾಯಿತು.

ಮಾರನೆಯ ದಿನ ಆರ್ಡಿತ್ ಹೇಳಿದ ಮಾತಿನಂತೆ ಗುರುವಾರವೇ ರಾಜಿಗೆ ಸಹಿ ಹಾಕಿದಳು. ಇಷ್ಟು ಬೇಗ ಬೇಡ, ಜ್ಯೂರಿ ಇನ್ನೂ ಹೆಚ್ಚು ಕೊಡುತ್ತದೆ ಎಂದು ಕೀರ್ನನ್ ಬಡಿದುಕೊಂಡ. ಅವಳು ಕೇಳಲಿಲ್ಲ. ಈ ಬಗ್ಗೆ ಯಾರೂ ಮಾತಾಡಕೂಡದು ಎಂಬ ಷರತ್ತಿಗೂ ತಲೆಯಾಡಿಸಿದಳು. ಊರೆಲ್ಲ ಕಿವಿಯಾರೆ ಕೇಳಿದ್ದರ ಬಗ್ಗೆ ಅವಳೇನು ಮಾತಾಡುವುದಿತ್ತು.

ರೋಲಂಡ್ ಚರ್ಚಿಗೆ ಬರುವುದನ್ನು ಬಿಟ್ಟ. ಲೋಯಿಸ್ ಮಗಳ ಮನೆಗೆ ಹೋದಳು ಎಂದರು. ನೆಬ್ರಾಸ್ಕದವನ ಸುದ್ದಿ ನಮಗೆ ಗೊತ್ತಾಗಲಿಲ್ಲ. ವರ್ನಾ ಮಾತ್ರ ಆರ್ಡಿತ್ ಜೊತೆ ಮಾತು ಬಿಟ್ಟಳು, ಅದು ಸರಿಯೇ ಎಂದು ನಾನು ಆರ್ಡಿತ್‌ಗೆ ಮುಖದ ಮೇಲೆ ಹೇಳಿದೆ.

ಒಂದು ಗುರುವಾರ ನಾವು ಬೌಲಿಂಗ್‌ನಲ್ಲಿದ್ದಾಗ ಲೋಯಿಸ್ ಬಂದಳು. ಸೀದಾ ಬೆಂಚಿನ ತನಕ ನಡೆದು ಬಂದು, ಕೋಟುಗಳ ರಾಶಿಯ ಹಿಂದೆ ಕೂತಿದ್ದ ಆರ್ಡಿತ್ ಪಕ್ಕದಲ್ಲಿ ಕೂತಳು. ಹ್ಯಾಟು ಇರಲಿಲ್ಲ.

"ನಂಗೆ ಆವತ್ತೇ ಹೇಳ್ಬಹುದಿತ್ತಲ್ಲೇ" ಅಂದಳು. "ಅಷ್ಟು ವರ್ಷ ಒಟ್ಟಿಗೆ ಆಲೂಗಡ್ಡೆ ಸುಲಿದ್ವಿ."

"ನೀನು ಮನೆಗೆ ಹೋಗಿ ಅವನಿಗೆ ಹೇಳ್ತಿದ್ದೆ."

ಲೋಯಿಸ್ ಯೋಚಿಸಿದಳು. "ಹೇಳ್ತಿದ್ದೆ" ಅಂದಳು.

ನಾನು ಚೆಂಡು ಹಿಡಿದುಕೊಂಡು ಹಾಗೇ ನಿಂತಿದ್ದೆ.

"ಈಗ ಅಂಗಡಿಗೆ ಹೋದ್ರೂ, ಎಲ್ಲಿ ನಡೆದ್ರೂ, ಜನ ನನ್ನ ಸೊಂಟಾನೇ ನೋಡ್ತಾರೆ ಆರ್ಡಿತ್. ನಾನೇನು ತಪ್ಪು ಮಾಡಿದ್ದೆ?"

"ಏನೂ ಮಾಡ್ಲಿಲ್ಲ" ಅಂದಳು ಆರ್ಡಿತ್. "ನಾನೂ ಏನೂ ಮಾಡಿರ್ಲಿಲ್ಲ. ನಂದನ್ನೂ ನೋಡ್ತಿದ್ರು."

ಆಮೇಲೆ ಮಡಿಲಲ್ಲಿದ್ದ ಕೋಟುಗಳಲ್ಲಿ ಅರ್ಧವನ್ನು ಎತ್ತಿ ಲೋಯಿಸ್‌ಳ ಮಡಿಲಿಗೆ ಹಾಕಿ, ನನ್ನ ಕಡೆ ತಿರುಗಿ, "ಆಡೇ ಫೇ, ಎಲ್ರೂ ಕಾಯ್ತಿದ್ದಾರೆ" ಅಂದಳು.