ಶ್ಯಾಮ ಭಟ್ಟರ ಎಲೆಗೆ ಕೂತವನು

ನಮ್ಮ ಆಫೀಸಿನ ಅವಿನಾಶ ಐದು ವರ್ಷ ಮನೆಯಲ್ಲಿ ಕೂತು ಕೆಲಸ ಮಾಡಿದ. ಮಾಡಿದ ಅನ್ನುವುದು ಅವನ ಮಾತು. ಕಾಸರಗೋಡಿನ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಅಪಘಾತವಾದ ವಾಹನಗಳ ಕ್ಲೇಮು ನೋಡುವ ಕೆಲಸ ನಮ್ಮಿಬ್ಬರದು. ಗ್ಯಾರೇಜಿಗೆ ಹೋಗಿ ನುಜ್ಜುಗುಜ್ಜಾದ ಗಾಡಿಯನ್ನು ಮುಟ್ಟಿ ನೋಡುವವನು ನಾನು, ಸವಿಯೊ. ನಾನು ಕಳಿಸಿದ ಫೋಟೋ ನೋಡಿ ಕಾಗದ ತಯಾರಿಸುವವನು ಅವನು. ಕೊರೊನಾ ಬಂದಾಗ, ಫೋಟೋವನ್ನು ಮನೆಯಿಂದಲೂ ನೋಡಬಹುದೆಂದು ಕಂಪೆನಿಗೆ ಜ್ಞಾನೋದಯವಾಯಿತು. ಕೊರೊನಾ ಹೋಯಿತು, ಅವಿನಾಶ ಮಾತ್ರ ಕುಂಬಳೆಯ ತನ್ನ ಮನೆಯ ಜಗಲಿ ಬಿಟ್ಟು ಏಳಲಿಲ್ಲ. ನಾನು ಬಿಸಿಲಲ್ಲಿ ಬೈಕು ಓಡಿಸಿ ಕರ್ರಗಾಗುವಾಗ ಅವನು ಬನಿಯನ್ ಹಾಕಿಕೊಂಡು ಬೆಳ್ಳಗಾಗುತ್ತಿದ್ದ. ನನಗೆ ಹೊಟ್ಟೆಕಿಚ್ಚು ಇತ್ತು. ಈಗಲೂ ಇದೆ.

ಹಗಲು ಹೊತ್ತು ಮನೆಯಲ್ಲಿ ಸಿಗುವ ಗಟ್ಟಿಮುಟ್ಟಾದ ಗಂಡಸು ನಮ್ಮ ಕಡೆ ಅಪರೂಪದ ಪ್ರಾಣಿ. ಊರವರು ಬಿಡುತ್ತಾರೆಯೇ? ಗ್ಯಾಸ್ ಸಿಲಿಂಡರ್ ಇಳಿಸಲು ಅವಿನಾಶ, ಯಾರದೋ ಅತ್ತೆಯನ್ನು ಕಣ್ಣಿನ ಡಾಕ್ಟರಿಗೆ ತೋರಿಸಲು ಅವಿನಾಶ. ಆದರೆ ಅವನ ದೊಡ್ಡ ಹುದ್ದೆ ಬೇರೆಯೇ. ಭಟ್ಟರ ಮನೆಗಳಲ್ಲಿ ವರ್ಷಕ್ಕೊಮ್ಮೆ ತಿಥಿ ಮಾಡುವಾಗ, ಸತ್ತವರ ಜಾಗದಲ್ಲಿ ಒಬ್ಬ ಬ್ರಾಹ್ಮಣನನ್ನು ಕೂರಿಸಿ, ಕಾಲು ತೊಳೆದು, ಅವನೇ ಸತ್ತವರೆಂದು ತಿಳಿದು ಉಣಬಡಿಸುತ್ತಾರೆ. ತಿಥಿ ಬರುವುದು ಪಂಚಾಂಗ ನೋಡಿ, ಭಾನುವಾರ ನೋಡಿ ಅಲ್ಲ. ವಾರದ ನಡುವೆ ಕೂರಲು ಜನ ಎಲ್ಲಿದ್ದಾರೆ? ಇರುವ ಹಿರಿಯರಿಗೆಲ್ಲ ಸಕ್ಕರೆ ಕಾಯಿಲೆ. ಹೀಗಾಗಿ ನಲವತ್ತೊಂದು ವರ್ಷದ ಅವಿನಾಶ ಐದು ವರ್ಷದಲ್ಲಿ ಆಸುಪಾಸಿನ ಅಜ್ಜಂದಿರೆಲ್ಲ ಆಗಿ ಮುಗಿಸಿದ. ಒಮ್ಮೆ ಆನ್‌ಲೈನ್ ಮೀಟಿಂಗಿನಲ್ಲಿ ಕ್ಯಾಮೆರಾ ಮುಚ್ಚಿ ಎಲೆಯ ಮುಂದೆ ಕೂತಿದ್ದನಂತೆ. “ಅವಿನಾಶ್, ಇದ್ದೀರಾ?” ಎಂದು ಮ್ಯಾನೇಜರ್ ಕೇಳಿದಾಗ ಅವನು ನಿಜವಾಗಿಯೂ ಇರಲಿಲ್ಲ. ಸತ್ತು ಹನ್ನೆರಡು ವರ್ಷವಾಗಿತ್ತು.

ನಾವು ಕ್ರಿಸ್ತುವರೂ ಸತ್ತವರಿಗೆ ವರ್ಷದ ಪೂಜೆ ಮಾಡಿಸುತ್ತೇವೆ. ಬಿರಿಯಾನಿಯನ್ನು ಮಾತ್ರ ನಮ್ಮ ನಮ್ಮ ಹೆಸರಿನಲ್ಲೇ ತಿನ್ನುತ್ತೇವೆ.

ಮೇ ತಿಂಗಳಲ್ಲಿ ಅವಿನಾಶನ ಸುಖಕ್ಕೆ ಕಲ್ಲು ಬಿತ್ತು. ಸೋಮವಾರದಿಂದ ಎಲ್ಲರೂ ಪೂರ್ತಿ ದಿನ ಆಫೀಸಿಗೆ ಬರಬೇಕೆಂದು ಆದೇಶ ಬಂತು. ಮಂಗಳೂರಿನಿಂದ ರೈಲಿನಲ್ಲಿ ಬರುವ ನಮ್ಮ ಮ್ಯಾನೇಜರ್ ಅಲಿಶಾ ಮೇಡಂ ಅದಕ್ಕೆ ತಮ್ಮ ಒಗ್ಗರಣೆಯನ್ನೂ ಹಾಕಿದರು: ಮೊದಲ ತಿಂಗಳು ಯಾರ ಹೆಸರಿನ ಮುಂದೆ ಗೈರುಹಾಜರಿ ಬೀಳುತ್ತದೋ ಅವರ ಹೆಸರು ಕೊಚ್ಚಿ ವರ್ಗಾವಣೆಯ ಪಟ್ಟಿಗೆ.

ಸೋಮವಾರ ಅವಿನಾಶ ಇಸ್ತ್ರಿ ಶರ್ಟು ಹಾಕಿಕೊಂಡು ಒಂಬತ್ತೂವರೆಗೇ ಬಂದ. ಶರ್ಟಿನ ಗುಂಡಿಗಳು ಹೊಟ್ಟೆಯ ಮೇಲೆ ಉಸಿರು ಹಿಡಿದು ನಿಂತಿದ್ದವು. ಐದು ವರ್ಷದ ವಡೆ ಎಲ್ಲಿಗೆ ಹೋಗುತ್ತದೆ? ಅವನ ಖುರ್ಚಿಯ ಮೇಲೆ ಹಳೆಯ ಫೈಲುಗಳ ರಾಶಿ ಇತ್ತು. ಅದನ್ನು ಕೆಳಗಿಳಿಸಿ, ಸೀನಿ, ಕೂತ. ಅವನನ್ನು ಸ್ವಾಗತಿಸಲೆಂದು ಮೇಡಂ ಬಿಸಿ ಗೋಳಿಬಜೆ ತರಿಸಿದ್ದರು.

“ಬೇಡ ಮೇಡಂ” ಎಂದ.

“ಚಾ ಆದರೂ ಕುಡಿಯಿರಿ.”

“ಅದೂ ಬೇಡ.”

ಮೇಡಂ ಮುಖ ಗಂಟಿಕ್ಕಿದರು. ಆಫೀಸಿಗೆ ಕರೆಸಿದ್ದಕ್ಕೆ ಸಿಟ್ಟು ಎಂದುಕೊಂಡಿರಬೇಕು. ನಾನೂ ಹಾಗೆಯೇ ಎಂದುಕೊಂಡು ಅವನ ಪಾಲಿನದನ್ನೂ ತಿಂದೆ.

ಹನ್ನೊಂದೂಮುಕ್ಕಾಲಿಗೆ ಅವನ ಫೋನು ಹೊಡೆದುಕೊಂಡಿತು. ಆ ಫೋನಿನಲ್ಲಿ ಸ್ಪೀಕರ್ ಹಾಕದಿದ್ದರೆ ಎಂತದೂ ಕೇಳಿಸುವುದಿಲ್ಲ, ಹಾಗಾಗಿ ಮೆಟ್ಟಿಲಿಗೆ ಓಡಿದ. ನಾನು ಹಿಂದೆಯೇ ಹೋದೆ. ಕದ್ದು ಕೇಳುವುದು ಕೆಟ್ಟ ಅಭ್ಯಾಸವೆಂದು ನನಗೆ ಗೊತ್ತು.

ಮಾತಾಡುತ್ತಿದ್ದವರು ಅವನ ನೆರೆಮನೆಯ ಈಶ್ವರಿಯಮ್ಮ. ಸಂಬಂಧವಿಲ್ಲದಿದ್ದರೂ ಅವನ ಬಾಯಲ್ಲಿ ದೊಡ್ಡಮ್ಮ. ಎಪ್ಪತ್ತನಾಲ್ಕು ವರ್ಷ, ಗಂಟೆ ಹೊಡೆದ ಹಾಗಿನ ಗಂಟಲು. ಆ ದಿನವೇ ಅವರ ಗಂಡ ಶ್ಯಾಮ ಭಟ್ಟರ ತಿಥಿ. ನಾಲ್ಕು ವರ್ಷ ಭಟ್ಟರ ಎಲೆಗೆ ಕೂತವನು ನಮ್ಮ ಅವಿನಾಶ.

“ಮಾಣೀ, ನೀನು ಬರುವುದಿಲ್ಲ ಅಂತ ಶರತ್ಚಂದ್ರ ಹೇಳಿದ, ಹೌದಾ?” ಶರತ್ಚಂದ್ರ ಅವರ ಮಗ, ತಿಥಿ ಮಾಡುವವನು.

“ದೊಡ್ಡಮ್ಮ, ಇವತ್ತಿನಿಂದ ಆಫೀಸು. ಬಿಡುವುದಿಲ್ಲ.”

“ಜನ ಸಿಗದಿದ್ದರೆ ಮಣೆಯ ಮೇಲೆ ದರ್ಭೆ ಇಟ್ಟು ಅದಕ್ಕೇ ಬಡಿಸಿ ಮುಗಿಸಬಹುದಂತೆ. ಪುರೋಹಿತರು ಹೇಳುತ್ತಾರೆ.”

“ಹಾಗೂ ಮಾಡಬಹುದು ದೊಡ್ಡಮ್ಮ. ಶಾಸ್ತ್ರದಲ್ಲಿ ಉಂಟು.”

“ಶಾಸ್ತ್ರದಲ್ಲಿ ಉಂಟು, ಸರಿ. ಕೊನೆಗೆ ತೃಪ್ತಿಯಾಯಿತಾ ಅಂತ ಕೇಳುವಾಗ ಆಯಿತು ಅಂತ ದರ್ಭೆ ಹೇಳುತ್ತದಾ?” ಒಲೆಗೆ ಕೊಳವೆ ಊದುವ ಸದ್ದು ಬಂತು. “ನಲವತ್ತೆಂಟು ವರ್ಷ ನಿನ್ನ ದೊಡ್ಡಪ್ಪ ದರ್ಭೆಯ ಹಾಗೆ ಕೂತು, ಉಂಡು, ಕೈ ತೊಳೆದು ಹೋದವರು. ಉಪ್ಪು ಹೆಚ್ಚಾದರೆ ಬಾಯಿ ಬರುತ್ತಿತ್ತು. ಲಾಯ್ಕಾಗಿದೆ ಅಂತ ಒಂದು ದಿನ ಹೇಳಿದವರಲ್ಲ. ನೀನು ಕೂತ ಮೇಲೆ ವರ್ಷಕ್ಕೆ ಒಂದು ಸಲ ತೃಪ್ತಿಯಾಯಿತು ಅಂತ ಕೇಳುತ್ತೇನೆ. ಸಂಸ್ಕೃತದಲ್ಲಾದರೆ ಸಂಸ್ಕೃತದಲ್ಲಿ. ಬಾಗಿಲ ಹಿಂದೆ ನಿಂತು ಕೇಳುತ್ತೇನೆ. ಅಷ್ಟೇ. ನಿನ್ನ ಕೆಲಸ ನೋಡು, ಇಡುತ್ತೇನೆ.”

ಫೋನು ಇಟ್ಟರು. ಅವಿನಾಶ ಮೆಟ್ಟಿಲ ಮೇಲೆ ಕೂತ.

“ಎಂತ ಮಾರಾಯ, ನೀನು ಬೆಳಿಗ್ಗೆ ತಿನ್ನದೇ ಇದ್ದದ್ದು ಇದಕ್ಕಾ?” ಎಂದು ಕೇಳಿದೆ.

“ಎಲೆಗೆ ಕೂರುವವನು ಮುಂಚೆ ಎಂತದೂ ತಿನ್ನಬಾರದು. ನಿನ್ನೆ ರಾತ್ರಿಯಿಂದ ಉಪವಾಸ.”

“ಹೋಗುವುದಿಲ್ಲ ಅಂತ ಹೇಳಿದ ಮೇಲೆ ಉಪವಾಸ ಯಾಕೆ?”

“ಗೊತ್ತಿಲ್ಲ ಮಾರಾಯ.”

ಇಂಥವನನ್ನು ನಾನು ಐದು ವರ್ಷ ಬೈದದ್ದು. ಆ ಹೊತ್ತಿಗೆ ನನಗೆ ಅವನ ಮೇಲೆ ಪ್ರೀತಿ ಬಂದದ್ದಂತೂ ನಿಜ. ಸೀದಾ ಮೇಡಂ ಹತ್ತಿರ ಹೋಗಿ, ಕುಂಬಳೆಯ ಗ್ಯಾರೇಜಿನಲ್ಲಿ ಹಲಸಿನಕಾಯಿ ಬಿದ್ದು ಚಪ್ಪಟೆಯಾದ ಕಾರೊಂದು ಇದೆ, ಕೇಸು ಕಷ್ಟದ್ದು, ಅವಿನಾಶನೂ ಕಣ್ಣಾರೆ ನೋಡುವುದು ಒಳ್ಳೆಯದು ಎಂದೆ.

“ಎರಡು ಗಂಟೆಗೆ ಕೊಚ್ಚಿಯವರ ಮೀಟಿಂಗ್ ಉಂಟು. ಖುರ್ಚಿಯಲ್ಲಿ ಇಲ್ಲದವರು ಗೈರು. ಆಮೇಲೆ ನನಗೆ ಹೇಳಬೇಡಿ” ಎಂದರು ಮೇಡಂ.

ಹೆದ್ದಾರಿ ಅಗಲ ಮಾಡಿದ ಮೇಲೆ ಕುಂಬಳೆ ಹತ್ತಿರವಾಗಿದೆ ಎನ್ನುವವರು ಸರ್ವಿಸ್ ರಸ್ತೆಯಲ್ಲಿ ಹೋದವರಲ್ಲ. ಎದುರಿಗೇ ಕಾಣುವ ಗ್ಯಾರೇಜಿಗೆ ಎಲ್ಲೋ ಹೋಗಿ ಅಂಡರ್‌ಪಾಸಿನಲ್ಲಿ ತಿರುಗಿ ಬರಬೇಕು. ಕಾರನ್ನು ಅರ್ಧ ನಿಮಿಷ ನೋಡಿದೆವು. ಹಲಸಿನಕಾಯಿ ಬಿದ್ದದ್ದು ಸತ್ಯ. ಈಶ್ವರಿಯಮ್ಮನ ಅಂಗಳ ತಲುಪುವಾಗ ಹನ್ನೆರಡೂಮುಕ್ಕಾಲು. ಮಣೆಯ ಮೇಲೆ ದರ್ಭೆ ಆಗಲೇ ಹಾಜರಾಗಿತ್ತು. ಪುರೋಹಿತರು ಅದನ್ನು ಕೆಲಸದಿಂದ ತೆಗೆದರು. ಅವಿನಾಶ ಬಾವಿಕಟ್ಟೆಯಲ್ಲಿ ನಾಲ್ಕು ಕೊಡ ನೀರು ಸುರಿದುಕೊಂಡು, ಪಂಚೆ ಉಟ್ಟು ಬಂದು ಕೂತ. ತಲೆ ನರೆತ ಶರತ್ಚಂದ್ರ ಬಗ್ಗಿ ಅವನ ಕಾಲು ತೊಳೆದ.

ನಾನು ಜಗಲಿಯಲ್ಲಿ ಕೂತೆ. ಬಾಗಿಲು ತೆರೆದಿತ್ತು, ಎಲ್ಲವೂ ಕಾಣುತ್ತಿತ್ತು. ಒಂದೂಕಾಲಿಗೆ ವಡೆ ಬಂತು. ಒಂದೂವರೆಗೆ ನನ್ನ ಫೋನಿನಲ್ಲಿ ಮೇಡಂ ಬಂದರು.

“ಅವಿನಾಶ್ ಎಲ್ಲಿ?”

“ಇಲ್ಲೇ ಇದ್ದಾನೆ ಮೇಡಂ. ಆದರೆ ಈಗ ಅವನು ಅವನಲ್ಲ.”

“ಎಂತ?”

“ರೇಂಜ್ ಇಲ್ಲ ಮೇಡಂ” ಎಂದು ಇಟ್ಟುಬಿಟ್ಟೆ.

ಬಾಗಿಲಿಂದ ಗಡಿಯಾರ ತೋರಿಸಿದೆ. ಈಗ ಹೊರಟರೆ ಎರಡಕ್ಕೆ ತಲುಪಬಹುದು. ಪುರೋಹಿತರಿಗೂ ಅವಸರದ ವಿಷಯ ಗೊತ್ತಿತ್ತು. ತೃಪ್ತಿಯಾಯಿತೇ ಎಂದು ಸಂಸ್ಕೃತದಲ್ಲಿ ಕೇಳಿಸಿಯೇಬಿಟ್ಟರು. ತೃಪ್ತೋಸ್ಮಿ ಎಂದು ಹೇಳಿ ಏಳುವುದಷ್ಟೇ ಬಾಕಿ. ಅಡುಗೆಮನೆಯ ಬಾಗಿಲ ದಾರಂದದ ಮೇಲೆ ಈಶ್ವರಿಯಮ್ಮನ ನಾಲ್ಕು ಬೆರಳು ಕಾಣುತ್ತಿದ್ದವು.

ಅವಿನಾಶ ಹೇಳಲಿಲ್ಲ. ಇನ್ನೊಂದು ಸೌಟು ಪಾಯಸಕ್ಕೆ ಕೈ ತೋರಿಸಿದ. ನಿಧಾನವಾಗಿ, ಬೆರಳು ನೆಕ್ಕಿ ಮುಗಿಸಿದ. ಆಮೇಲೆ ಆ ಬಾಗಿಲ ಕಡೆ ತಿರುಗಿ, ಅವರ ಮನೆಗಳಲ್ಲಿ ಆಡುವ ಕನ್ನಡದಲ್ಲಿ ಗಟ್ಟಿಯಾಗಿ ಹೇಳಿದ: “ಪಾಯಸ ಲಾಯಿಕಾಯಿದು.”

“ಶಿವ ಶಿವಾ!” ಪುರೋಹಿತರು ಹಾರಿಬಿದ್ದರು. “ಎಲೆಗೆ ಕೂತವರು ಅಡುಗೆಯ ಗುಣ ಹೇಳಬಾರದು!”

“ಇವರು ಹೇಳದೇ ಹೇಳದೇ ಹೋದವರು, ಪುರೋಹಿತರೇ” ಎಂದ ಅವಿನಾಶ. ಮತ್ತೆ ಬಾಗಿಲಿಗೆ, “ಎಲ್ಲವೂ ಲಾಯಿಕಾಯಿದು” ಎಂದ. ಆಮೇಲೆ ಶಾಸ್ತ್ರಕ್ಕೆ ತೃಪ್ತೋಸ್ಮಿ ಎಂದೂ ಹೇಳಿದ.

ದಾರಂದದ ಮೇಲಿನ ಬೆರಳುಗಳು ಕಾಣೆಯಾದವು. ಒಳಗೆ ಯಾರೋ ಮೂಗು ಒರೆಸಿಕೊಳ್ಳುವುದು ಕೇಳಿಸಿತು. ಆಮೇಲೆ ಪಾತ್ರೆಗಳ ಸದ್ದು.

ಹೊರಡುವಾಗ ಈಶ್ವರಿಯಮ್ಮ ಅಂಗಳಕ್ಕೆ ಬಂದು ನನ್ನ ಕೈಗೆ ಬಾಳೆಲೆಯಲ್ಲಿ ಕಟ್ಟಿದ ವಡೆ ಇಟ್ಟರು. ಕಣ್ಣು ಕೆಂಪಾಗಿತ್ತು, ಮುಖದಲ್ಲಿ ನಗು ಇತ್ತು.

“ಮಾಣೀ, ಮುಂದಿನ ವರ್ಷ ನೀನು ರಜೆ ಹಾಕಬೇಡ” ಎಂದರು.

“ಮತ್ತೆ ಯಾರು ಕೂರುತ್ತಾರೆ ದೊಡ್ಡಮ್ಮ?”

“ದರ್ಭೆ ಇಟ್ಟರೂ ಆಗುತ್ತದೆ. ನನಗೆ ಬೇಕಾದ್ದು ಸಿಕ್ಕಿತು.”

ವಾಪಸು ಬರುವಾಗ ಅವಿನಾಶ ನನ್ನ ಬೈಕಿನ ಹಿಂದೆ ಕೂತ. ಮೊಗ್ರಾಲ್ ಸೇತುವೆ ದಾಟಿದ ಮೇಲೆ ಬೆನ್ನ ಹಿಂದಿನಿಂದ ಅವನ ಸ್ವರ ಬಂತು. “ಸವಿಯೊ, ದೊಡ್ಡಮ್ಮ ನನ್ನನ್ನು ಕೆಲಸದಿಂದ ತೆಗೆದರು ಮಾರಾಯ.” ನಗುತ್ತಾನೆಂದುಕೊಂಡೆ. ಕನ್ನಡಿಯಲ್ಲಿ ನೋಡಿದೆ, ನಗುತ್ತಿರಲಿಲ್ಲ.

ಆಫೀಸು ತಲುಪುವಾಗ ಎರಡೂವರೆ. ಕೊಚ್ಚಿಯವರು ಪರದೆಯಿಂದ ಹೋಗಿಯಾಗಿತ್ತು. ಮೇಡಂ ಅವನ ಹಣೆಯ ಗಂಧವನ್ನೂ ಒದ್ದೆ ತಲೆಯನ್ನೂ ನೋಡಿದರು. ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಮೇಡಂ ಸ್ವಲ್ಪ ಹೊತ್ತು ಪೆನ್ನು ತಿರುಗಿಸಿ, ಡ್ರಾವರಿನಿಂದ ರಜೆಯ ಫಾರಂ ತೆಗೆದುಕೊಟ್ಟರು. “ಸಾವಿನ ಕ್ರಿಯೆಗಳಿಗೆ ಅರ್ಧ ದಿನ ಕೊಡಬಹುದು. ಸರಿ ತುಂಬಿಸಿ. ಗೈರು ಬೀಳುವುದಿಲ್ಲ.”

ಫಾರಂನಲ್ಲಿ ಒಂದು ಕಡೆ, ತೀರಿಕೊಂಡವರಿಗೆ ನೀವು ಏನಾಗಬೇಕು ಎಂದು ಕೇಳಿತ್ತು. ಅವಿನಾಶನ ಪೆನ್ನು ಅಲ್ಲಿ ನಿಂತಿತು.

“ನಾನೇ ಅಂತ ಬರೆ” ಎಂದೆ ಮೆಲ್ಲಗೆ.

“ಎಲೆಯಿಂದ ಏಳುವವರೆಗೆ ನಾನೇ. ಈಗ ಅಲ್ಲವಲ್ಲ” ಎಂದು ಹೇಳಿ, ‘ನೆರೆಯವನು’ ಎಂದು ಬರೆದ.

ಮೇಡಂ ಓದಿದರು. “ನೆರೆಯವರಿಗೆ ರಜೆ ಇಲ್ಲ, ಅವಿನಾಶ್. ತಮ್ಮನ ಮಗನೋ ಅಳಿಯನೋ ಅಂತ ಬರೆದರೆ ಯಾರು ನೋಡಲಿಕ್ಕೆ ಬರುತ್ತಾರೆ?”

“ಗೊತ್ತುಂಟು ಮೇಡಂ. ಇರಲಿ.”

ಅವನ ಹೆಸರಿನ ಮುಂದೆ ಅರ್ಧ ದಿನದ ಗೈರು ಬಿತ್ತು. ಕೊಚ್ಚಿಯ ಪಟ್ಟಿ ಇನ್ನೂ ಬಂದಿಲ್ಲ. ಅವನು ಖುರ್ಚಿಗೆ ಹೋಗಿ, ಹಲಸಿನಕಾಯಿಯ ಫೋಟೋಗಳನ್ನು ತೆರೆದು ಕೆಲಸಕ್ಕೆ ಕೂತ. ನಾಲ್ಕು ಗಂಟೆಗೆ ಮೇಡಂ ತಾವೇ ಎದ್ದು ಬಂದು, ಬೆಳಿಗ್ಗೆ ನನ್ನ ಕಣ್ಣು ತಪ್ಪಿಸಿ ಅವನಿಗೆಂದು ಎತ್ತಿಟ್ಟಿದ್ದ ಎರಡು ಗೋಳಿಬಜೆಯನ್ನು ತಟ್ಟೆಯಲ್ಲಿ ಅವನ ಮುಂದಿಟ್ಟರು.

“ಬೇಡ ಮೇಡಂ” ಎಂದ ಅವಿನಾಶ. “ಹೊಟ್ಟೆ ತುಂಬಿದೆ.”